ಮೂರು ಗೆಜ್ಜೆಯ ರಾಣಿ

ಜೂನ್ 29, 2009, ಸೋಮವಾರ

ಪರದೆ ಏಳಲಿ! ನಾಟಕದ ಮೇಷ್ಟ್ರು ಬೋರಲಿಂಗಯ್ಯನವರ ಏಕಮಾತ್ರ ಪುತ್ರ ಅನಂತರಾಜು, ವಯಸ್ಸು ನಲವತ್ತಮೂರು, ವೃತ್ತಿ ಬಿಡಿ ಬರವಣಿಗೆ, ವಾಸ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಒಂದೂವರೆ ಕೋಣೆ, ಇದೋ ಈ ಹೊಸ ನೋಟ್‌ಬುಕ್ಕಿನಲ್ಲಿ ರಂಗಪ್ರವೇಶ ಮಾಡುತ್ತಿದ್ದಾನೆ! ಪ್ರೇಕ್ಷಕರು ಯಾರೂ ಇಲ್ಲ. ಇಲ್ಲದಿದ್ದರೆ ಬೇಡ. ಮಳೆ ಬಂದು ಜನ ಎದ್ದು ಹೋದ ಮೇಲೂ ಖಾಲಿ ಚಾಪೆಗಳಿಗೆ ನಾಟಕ ಮುಗಿಸಿಕೊಟ್ಟ ವಂಶ ನಮ್ಮದು.

ನಿನ್ನೆ ಬೆಂಗಳೂರಿನಲ್ಲಿ ಮೆರವಣಿಗೆ. ಕಾಮನಬಿಲ್ಲಿನ ಬಾವುಟ, ತಮಟೆ, ಕುಣಿತ. ಎಷ್ಟೋ ಜನ ಮುಖವಾಡ ಹಾಕಿದ್ದರು, ಮನೆಯವರು ಟೀವಿಯಲ್ಲಿ ನೋಡಿಬಿಟ್ಟಾರು ಎಂಬ ಭಯಕ್ಕೆ. ನಾನು ಪುಸ್ತಕ, ಪೆನ್ನು ಹಿಡಿದು ಫುಟ್‌ಪಾತಿನಲ್ಲೇ ನಡೆದೆ. ಒಬ್ಬ ಹುಡುಗಿ ನನ್ನ ಕಡೆ ಒಂದು ಮುಖವಾಡ ಚಾಚಿ, "ಸಾರ್, ನೀವೂ ಬನ್ನಿ" ಅಂದಳು. "ನಾನು ಪತ್ರಕರ್ತ!" ಎಂದೆ. ನನ್ನ ಗಂಟಲಿಗೆ ಸಣ್ಣ ಮಾತು ಬರುವುದಿಲ್ಲ. ತಮಟೆಯವನು ಒಂದು ಪೆಟ್ಟು ತಪ್ಪಿದ.

ಹನ್ನೊಂದು ವರ್ಷದಿಂದ ಇದೇ ಕಸುಬು. ಬೆಟ್ಟ, ಕೋಟೆ, ತೊಗಲುಗೊಂಬೆ, ನಾಟಕ, ಇವುಗಳ ಬಗ್ಗೆ ಬರೆದರೆ ಕೆಳಗೆ ಸ್ವಂತ ಹೆಸರು. ಬೆಂಗಳೂರಿನ ಸಂಪಾದಕಿ ಮಮತಾ ಅವರ ಪಾಕ್ಷಿಕದಲ್ಲಿ ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಹಿಜ್ರಾಗಳು, ಇವರ ಹಾಡು, ಹಬ್ಬ, ಸಿನಿಮಾ, ಬದುಕಿನ ಬಗ್ಗೆ ಬರೆಯುವ ಪುಟಕ್ಕೆ ಮಾತ್ರ 'ದೂರವಾಸಿ'. ತಮಿಳುನಾಡಿನ ಕೂವಾಗಂನ ಹಿಜ್ರಾ ಜಾತ್ರೆಗೆ ಹೋಗಿ ಬರೆದಿದ್ದೇನೆ, ಮುಂಬೈಗೆ ಹೋಗಿ ಬರೆದಿದ್ದೇನೆ. ದೂರದವರ ಬಗ್ಗೆ ಬರೆಯುವವನಿಗೆ ಒಪ್ಪುವ ಹೆಸರು.

ಸಂಜೆ ಚನ್ನಪಟ್ಟಣಕ್ಕೆ ಹೋಗಿ ಲೇಖನವನ್ನು ತಾಜ್ ಪಾಷಾಗೆ ಓದಿ ಹೇಳಿದೆ. ಪಾಷಾ ಗೊಂಬೆ ಕಡೆಯುವವನು, ನನ್ನ ಹಳೆಯ ಗೆಳೆಯ, ಒಬ್ಬನೇ ಇದ್ದಾನೆ. ಎಂದಿನಂತೆ ಸ್ಕೂಟರನ್ನು ಬಸ್ ಸ್ಟ್ಯಾಂಡಿನ ಪಾರ್ಕಿಂಗಿನಲ್ಲಿ ಬಿಟ್ಟು, ಟೋಕನ್ ಜೇಬಿಗಿಟ್ಟು, ಎರಡು ಬೀದಿ ನಡೆದು ಹೋದೆ. ಅವನ ಕಿಟಕಿಯ ಕೆಳಗೆ ಜಾಗ ಬೇಕಾದಷ್ಟಿದೆ. ಆದರೆ ಲೇತಿನಿಂದ ಹಾರುವ ಮರದ ಹೊಟ್ಟು ಗಾಡಿಯ ಮೇಲೆಲ್ಲ ಬೀಳುತ್ತದೆ. ಅಲ್ಲದೆ ನಡೆದರೆ ಆರೋಗ್ಯಕ್ಕೆ ಒಳ್ಳೆಯದು.

ತಿರುಗುತ್ತಿದ್ದ ಗೊಂಬೆಗೆ ಕೆಂಪು ಅರಗಿನ ಕಡ್ಡಿ ಒತ್ತುತ್ತಾ ಪಾಷಾ ಹೇಳಿದ: "ಮುಖವಾಡದೋರ್ ಬಗ್ಗೆ ಚೆನ್ನಾಗ್ ಬರ್ದಿದ್ದೀಯ ಅನಂತು. ನೀನೆಲ್ಲಿದ್ದೆ ಅಂತ ಬರ್ದೇ ಇಲ್ಲ?"

"ಬರೆಯುವವನು ಚಿತ್ರದಲ್ಲಿ ಇರಬಾರದು" ಎಂದೆ.

"ಹೌದಾ" ಅಂದು ಮತ್ತೆ ಗೊಂಬೆಯ ಕಡೆ ತಿರುಗಿದ.

ಜುಲೈ 3, ಶುಕ್ರವಾರ

ನಿನ್ನೆ ದೆಹಲಿಯ ಹೈಕೋರ್ಟು ತೀರ್ಪು ಕೊಟ್ಟಿತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಪ್ರೀತಿಸಿದರೆ ಅಪರಾಧವಲ್ಲ. ಆಹಾ! ಭೇರಿ ಬಾರಿಸಲಿ! ನಾನು ಕೋಣೆಯಲ್ಲಿ ಒಬ್ಬನೇ ನಿಂತು ಪೇಪರನ್ನು ಎತ್ತರದ ದನಿಯಲ್ಲಿ ಓದಿದೆ. ಪಕ್ಕದ ಮನೆಯವರು ಗೋಡೆ ಬಡಿದರು.

ಮಮತಾ ಫೋನ್ ಮಾಡಿದರು. "ದೆಹಲಿ, ಮುಂಬೈ ಎಲ್ಲರೂ ಬರೀತಾರೆ ಅನಂತರಾಜು ಅವ್ರೆ. ನಿಮ್ಮ ಜಿಲ್ಲೆಯಲ್ಲಿ ಇಂಥವರು ಯಾರೂ ಇಲ್ವಾ?"

"ಮೇಡಂ, ನಮ್ಮದು ಜಿಲ್ಲೆಯಾಗಿಯೇ ಇನ್ನೂ ಎರಡು ವರ್ಷ. ಎಲ್ಲ ಇಲಾಖೆಗಳೂ ಬಂದಿಲ್ಲ" ಎಂದೆ. ಅವರು ನಗಲಿಲ್ಲ.

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅಂಥವರು ಯಾರಿದ್ದಾರೆ ಎಂದು ಸಂಜೆಯವರೆಗೂ ತಲೆ ಕೆಡಿಸಿಕೊಂಡೆ. ಪಾಷಾನ ಮನೆಯಲ್ಲಿ ಕೂತು, ಅವನು ಕೊಟ್ಟ ಚಾ ಕುಡಿಯುವಾಗ ಥಟ್ಟನೆ ಹೊಳೆಯಿತು: ನಂಜುಂಡಯ್ಯ!

ಜುಲೈ 12, ಭಾನುವಾರ

ಕನಕಪುರ ದಾಟಿ ದೊಡ್ಡಆಲಹಳ್ಳಿ. ದಾರಿಯುದ್ದಕ್ಕೂ ಗ್ರಾನೈಟ್ ಲಾರಿಗಳ ಧೂಳು. ಊರು ಮುಟ್ಟುವಷ್ಟರಲ್ಲಿ ನಾನು ಬಣ್ಣ ಹಚ್ಚದೆಯೇ ವೇಷಧಾರಿಯಾಗಿದ್ದೆ.

ನಂಜುಂಡಯ್ಯನವರಿಗೆ ಅರವತ್ತೆಂಟು. ಹೆಣ್ಣುಮಕ್ಕಳು ರಂಗ ಹತ್ತದ ಕಾಲದಲ್ಲಿ ನಮ್ಮಪ್ಪ ಬರೆದು ಕಲಿಸಿದ 'ಶಶಿಲೇಖಾ ವಿಜಯ'ದಲ್ಲಿ ಇಪ್ಪತ್ತೆರಡು ವರ್ಷ ಇವರೇ ರಾಣಿ ಶಶಿಲೇಖೆ. ಅದೇ ಊರಿನ ಅಂಕಯ್ಯನವರು ರಾಜ ವೀರಸೇನ. ಅಪ್ಪನ ಕೈಬರಹದ ಪ್ರತಿಯನ್ನು ಗೆದ್ದಲು ತಿಂದು ಹಾಕಿತು. ಈಗ ಆ ನಾಟಕ ಉಳಿದಿರುವುದು ನಂಜುಂಡಯ್ಯನವರ ತಲೆಯೊಳಗೆ ಮಾತ್ರ.

ಬಿಡದಿಯ ಒಂದು ಕಾರ್ಖಾನೆಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಅದನ್ನೇ ಆಡುತ್ತಾರಂತೆ. ಮೂರು ಶಿಫ್ಟಿನವರು ಒಟ್ಟಿಗೆ ಸಿಗುವುದು ಭಾನುವಾರ ಮಧ್ಯಾಹ್ನ. ಹಾಗಾಗಿ ಹಗಲಿನಲ್ಲೇ ಪ್ರಾಕ್ಟೀಸು, ಹಗಲಿನಲ್ಲೇ ನಾಟಕ! ರಾಜನ ಪಾತ್ರಕ್ಕೆ ಅಂಕಯ್ಯನವರ ಮಗ ಮುನೇಶ್. ಅದೇ ಕಾರ್ಖಾನೆಯಲ್ಲಿ ಕೆಲಸ. ರಾಣಿಗೆ ಮಂಡ್ಯದಿಂದ ಕಲಾವಿದೆ ಬರುತ್ತಾರೆ. ಕಲಿಸುವ ಮೇಷ್ಟ್ರು ನಂಜುಂಡಯ್ಯ.

"ಅಯ್ಯೋ ಮಹಾರಾಜ್ರೇ! ರಾಜ ಅಂದ್ರೆ ಹಿಂಗ್ ನಿಂತ್ಕತಾನಾ? ಕಂಪ್ನಿ ಬಸ್ಗೆ ಕಾಯ್ದಂಗ್ ನಿಂತಿದ್ದೀಯಲ್ಲೋ!"

"ದಿನಾ ನಿಲ್ಲಾದ್ ಅಲ್ಲೇ ಅಲ್ವಾ ಮೇಷ್ಟ್ರೇ" ಅಂದ ಮುನೇಶ್.

ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ಅಂಕಯ್ಯನವರು, "ಎದೆ ಮುಂದ್ಕ್ ತಗಳ್ಲಾ! ನಿಮ್ಮಪ್ಪನ್ನ ನೋಡಿ ಕಲ್ತ್ಕೋ" ಎಂದರು.

ಒಳಗಿನಿಂದ ನಂಜುಂಡಯ್ಯನವರ ಅಕ್ಕ ಕೆಂಚಮ್ಮ: "ಯಾವ್ ಎದೆ? ಈಗಿರಾದ್ ಬರೀ ಗೂಡು."

ನಕ್ಕು ನಕ್ಕು ಸಾಕಾಯಿತು. ಅಂಕಯ್ಯನವರು ಎಲೆಗೆ ಸುಣ್ಣ ಸವರಿ, ನೋಡದೆಯೇ ಬಲಗಡೆಗೆ ಕೈ ಚಾಚಿದರು. ನಂಜುಂಡಯ್ಯನವರು ಪಾಠ ಹೇಳುತ್ತಲೇ, ನೋಡದೆಯೇ ತೆಗೆದುಕೊಂಡರು. ಅಷ್ಟೇ. ನನ್ನ ಲೇಖನ ಸಿಕ್ಕಿತು.

ಜುಲೈ 15, ಬುಧವಾರ

ನಂಜುಂಡಯ್ಯನವರು ಒಬ್ಬರೇ ಇದ್ದಾಗ ಹೋದೆ. ಬೋರಲಿಂಗಯ್ಯನ ಮಗ ಎಂಬ ಒಂದೇ ಕಾರಣಕ್ಕೆ ಮಾತಾಡಿದರು.

"ಅವ್ನು ಮದ್ವೆಯಾದ. ಆಗ್ಲೇಬೇಕಿತ್ತು. ಪೇಟ ಕಟ್ದೋನು ನಾನೇ. ಆಯಮ್ಮ ಪುಣ್ಯಾತ್ಗಿತ್ತಿ, ಬೇಗ ಹೋಗ್ಬುಟ್ಳು. ನಾನ್ ಆಗ್ಲಿಲ್ಲ. ಯಾಕೆ ಅಂತ ನಮ್ಮಕ್ಕ ಒಂದ್ ದಿನಾನೂ ಕೇಳ್ಲಿಲ್ಲ. ನೀನ್ ಪೇಪರ್ನಾಗೆ ಇದ್ಕೆ ಏನೋ ಹೆಸ್ರು ಇಡ್ತೀಯಲ್ಲ, ನಮ್ಗೆ ಹೆಸ್ರೇ ಬೇಕಾಗ್ನಿಲ್ಲ ಕಣಪ್ಪ. ಸಂಜೆ ಬತ್ತಾನೆ, ಎಲೆ ಅಡ್ಕೆ ಹಾಕ್ಕತೀವಿ, ಓಯ್ತಾನೆ. ನಲ್ವತ್ತು ವರ್ಸ."

ಆಮೇಲೆ ಗೆಜ್ಜೆಯ ಸಂಗತಿ. ಚಿಕ್ಕವನಿದ್ದಾಗ ನಾನೂ ಕಣ್ಣಾರೆ ಕಂಡದ್ದು. ರಾಣಿ ಬರುವ ಮೊದಲು ಸೈಡ್ ವಿಂಗಿನ ಪರದೆಯ ಅಂಚಿನಿಂದ ಬಲಗಾಲು ಮಾತ್ರ ಹೊರಗೆ ಕಾಣುತ್ತಿತ್ತು. ಝಲ್! ಜನ 'ಒಂದು' ಎನ್ನುತ್ತಿದ್ದರು. ಝಲ್! 'ಎರಡು.' ಝಲ್! 'ಮೂರು' ಎಂದು ಊರೇ ಕೂಗಿದ ಮೇಲೆ ರಾಣಿ. ನಾಲ್ಕೂ ತಾಲ್ಲೂಕಿನಲ್ಲಿ ಇವರಿಗೆ 'ಮೂರು ಗೆಜ್ಜೆ ರಾಣಿ' ಎಂದೇ ಹೆಸರು. ಅದು ನಮ್ಮಪ್ಪನ ಚಮತ್ಕಾರ ಎಂದುಕೊಂಡಿದ್ದೆ.

"ನಿಮ್ಮಪ್ಪಂದಲ್ಲ ಕಣಪ್ಪ" ಎಂದು ನಂಜುಂಡಯ್ಯನವರು ನೆಲ ನೋಡುತ್ತಾ ನಕ್ಕರು. "ವಿಂಗಿನ್ ಹಿಂದ್ಗಡೆ ಮಂಡಿ ಊರಿ ಕೂತು ಗೆಜ್ಜೆ ಕಟ್ತಿದ್ದೋನು ಅಂಕಯ್ಯ. ಗಂಟು ಗಟ್ಟಿಯಾಯ್ತಾ ಅಂತ ಮೂರ್ ಸಲ ಅಲ್ಲಾಡ್ಸಿ ನೋಡ್ತಿದ್ದ. ನಾನೆಲ್ಲಿ ಮುಗ್ಗರಿಸ್ತೀನೋ ಅಂತ. ಜನ ಎಣಿಸ್ತಿದ್ದದ್ದು ಅವನ್ ಕೈನ. ಯಾರ್ಗೂ ಗೊತ್ತಿಲ್ಲ."

ಹೊರಡುವಾಗ ಒಂದೇ ಷರತ್ತು ಹಾಕಿದರು. "ನಮ್ ಗುರುತು ಸಿಗಬಾರ್ದು. ನನ್ಗೇನ್ ಭಯ ಇಲ್ಲ. ಮುನೇಶಂಗೆ ತೊಂದ್ರೆ ಆಗ್ಬಾರ್ದು."

ನಮ್ಮಪ್ಪನ ಹಾರ್ಮೋನಿಯಂ ಮೇಲಾಣೆ ಎಂದೆ.

ಜುಲೈ 27, ಸೋಮವಾರ

ಬರೆದೆ! ಹನ್ನೊಂದು ವರ್ಷದಲ್ಲಿ ಇಂಥದ್ದು ಬರೆದಿಲ್ಲ. ನಂಜುಂಡಯ್ಯನವರನ್ನು ಸೋಮಣ್ಣ ಮಾಡಿದೆ. ಅಂಕಯ್ಯನವರನ್ನು ರಾಮಲಿಂಗಯ್ಯ ಮಾಡಿದೆ. ಊರನ್ನು ಎತ್ತಿ ಮಾಗಡಿಯ ಕಡೆ ಇಟ್ಟೆ. ನಾಟಕದ ಹೆಸರು ಬದಲಾಯಿಸಿದೆ. ಮಗನನ್ನು ಮಗಳನ್ನಾಗಿ ಮಾಡಿದೆ.

ಗೆಜ್ಜೆಯೊಂದು ಉಳಿಯಿತು. ಎರಡು ಸಲ ಹೊಡೆದು ಹಾಕಿದೆ, ಎರಡು ಸಲ ಮತ್ತೆ ಸೇರಿಸಿದೆ. ತೆಗೆದರೆ ಲೇಖನ ಕುಂಟುತ್ತದೆ. ವಿಂಗಿನ ಹಿಂದೆ ಮಂಡಿಯೂರಿ ಕುಳಿತ ರಾಜ! ಕೊನೆಯ ಚಾಪೆಯ ಕಿವುಡನೂ ಅಳಬೇಕು. ಬೆಂಗಳೂರಿನವರಿಗೆ ಯಾವ ಗೆಜ್ಜೆ, ಯಾವ ರಾಣಿ ಎಂದು ಏನು ಗೊತ್ತಾಗುತ್ತದೆ? ಇರಲಿ ಎಂದು ಬಿಟ್ಟೆ.

ಆಗಸ್ಟ್ 16, ಭಾನುವಾರ

ಸಂಚಿಕೆ ಬಂದಿದೆ. ಮಮತಾ ಎರಡು ಸಲ ಫೋನ್ ಮಾಡಿದರು. ಅವರು ಅತ್ತರಂತೆ. ಓದುಗರು ದೂರವಾಸಿ ಯಾರು ಎಂದು ಕೇಳುತ್ತಿದ್ದಾರಂತೆ. ಪಾಷಾಗೆ ನಿಂತು ಓದಿ ಹೇಳಿದೆ, ಅಭಿನಯ ಸಮೇತ.

ಅವನು ಕೇದಗೆ ಗರಿಯಿಂದ ಗೊಂಬೆಗೆ ಹೊಳಪು ಕೊಡುತ್ತಾ ಕೇಳಿದ. ಮುಗಿದ ಮೇಲೆ, "ಇದು ಯಾರದು ಅಂತ ಅವರ ಊರೋರಿಗೆ ಗೊತ್ತಾಗಲ್ವಾ?" ಎಂದ.

"ಎಲ್ಲ ಬದಲಾಯಿಸಿದ್ದೇನೆ."

"ನನ್ ಗೊಂಬೆಗೆ ನಾನು ಬಣ್ಣ ಬದಲಾಯಿಸಿದ್ರೂ ನಮ್ ಬೀದಿ ಕೆಲಸದೋರು ನೋಡಿ, ಇದು ಪಾಷಾ ಕೈದು ಅಂತಾರೆ" ಎಂದ.

ಹೊಟ್ಟೆಕಿಚ್ಚು, ಇನ್ನೇನು. ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಟೋಕನ್ ಎಲ್ಲೋ ಬಿದ್ದು, ಪಾರ್ಕಿಂಗಿನವನ ಜೊತೆ ಜಗಳವೂ ಆಯಿತು.

ಆಗಸ್ಟ್ 21, ಶುಕ್ರವಾರ

ಕಾಯಿನ್ ಫೋನಿನಿಂದ ಕೆಂಚಮ್ಮ. "ಪೇಪರ್ನೋನೇ, ಬಾ ಒಸಿ. ಬಂದು ನಿನ್ ಕೈಯಾರೆ ಮಾಡಿರಾದ್ ನೋಡ್ಕೊಂಡ್ ಓಗು."

ಆಗಸ್ಟ್ 25, ಮಂಗಳವಾರ

ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಲೇಖನದ ಜೆರಾಕ್ಸ್ ಕನಕಪುರದ ಬಸ್ ಸ್ಟ್ಯಾಂಡಿನಿಂದ ದೊಡ್ಡಆಲಹಳ್ಳಿಯವರೆಗೂ ಓಡಾಡಿದೆ. ಸೋಮಣ್ಣ ಯಾರು ಎಂದು ಯಾರೂ ಕೇಳಲಿಲ್ಲವಂತೆ. ಮೂರು ಗೆಜ್ಜೆ ಎಂದ ಕೂಡಲೇ ಮಾಗಡಿಯವರಿಗೂ ಗೊತ್ತಾಗಿದೆ. ಇವರನ್ನು ಕಣ್ಣಲ್ಲಿ ನೋಡದವರಿಗೂ ಗೊತ್ತಾಗಿದೆ. ನಾಟಕದವನ ಮಗನಾಗಿ ನನಗೆ ಇಷ್ಟು ತಿಳಿಯಬೇಡವೇ? ನಮ್ಮ ಕಡೆ ಹೆಸರು ಮರೆತರೂ ವೇಷವನ್ನು ಯಾರೂ ಮರೆಯುವುದಿಲ್ಲ.

ನಂಜುಂಡಯ್ಯನವರು ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ಎಲೆ ಅಡಿಕೆ ತಟ್ಟೆ ಪಕ್ಕದಲ್ಲಿ ಮುಚ್ಚಿಟ್ಟಿತ್ತು. ಪ್ರಾಕ್ಟೀಸು ನಿಂತಿದೆ. ಮುನೇಶ್ ಅಪ್ಪನಿಗೆ ಈ ಮನೆಯ ಮೆಟ್ಟಿಲು ಹತ್ತಕೂಡದು ಎಂದಿದ್ದಾನೆ.

"ಓದು" ಎಂದು ಜೆರಾಕ್ಸ್ ಕೈಗೆ ಕೊಟ್ಟರು. ಓದಿದೆ. ಒಳಗಿನಿಂದ ಕೆಂಚಮ್ಮ, "ಕೇಳ್ಸಾಕಿಲ್ಲ, ಜೋರಾಗ್ ಓದು" ಎಂದರು. ನನ್ನ ಬದುಕಿನಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಮುಗಿದ ಮೇಲೆ ನಂಜುಂಡಯ್ಯನವರು ಕೇಳಿದರು. "ಚಂದಾಗ್ ಬರ್ದಿದ್ದೀಯ. ಈ ದೂರವಾಸಿ ಅನ್ನಾನು ಯಾರು?"

"ನಾನೇ."

"ಓ. ನಮ್ಗೂ ವೇಷ ಕಟ್ಟಿ, ನೀನೂ ಕಟ್ಕಂಡ್ಯಾ?" ಜೆರಾಕ್ಸನ್ನು ನನ್ನ ಕೈಯಿಂದ ತೆಗೆದು ಮಡಿಸಿದರು. "ನಾವ್ ವೇಷ ಕಟ್ದಾಗ ಜನದ್ ಮುಂದಕ್ ಬತ್ತಿದ್ವಿ ಕಣಪ್ಪ."

ಅಲ್ಲಿಂದ ಅಂಕಯ್ಯನವರ ಮನೆಗೆ. ಹಿತ್ತಲಿನಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ನನ್ನನ್ನು ಕಂಡು ಕುಡುಗೋಲು ಕೆಳಗಿಟ್ಟರು. ಬೈಯುತ್ತಾರೆ ಎಂದು ತಲೆ ಬಗ್ಗಿಸಿ ನಿಂತೆ.

"ಆ ರಾಮಲಿಂಗಯ್ಯ ಯಾವನ್ಲಾ?"

"ನೀವೇ ಅಂಕಯ್ಯನೋರೆ. ಹೆಸರು ಬದಲಾಯಿಸಿ..."

"ಇಪ್ಪತ್ತೆರಡು ವರ್ಸ ಗೆಜ್ಜೆ ಕಟ್ದೋನು ನಾನು. ಮಂಡಿ ಸವೆಸ್ಕಂಡೋನು ನಾನು. ನೀನು ಯಾವನೋ ರಾಮಲಿಂಗಯ್ಯನ್ನ ತಂದು ನನ್ ನಂಜುಂಡನ ಕಾಲತ್ರ ಕೂರ್ಸಿದ್ದೀಯಲ್ಲಲೇ!"

ಅಷ್ಟರಲ್ಲಿ ಮುನೇಶ್ ಬಂದ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು, ಕೂಗಾಟ ನನಗೆ ಅಭ್ಯಾಸ.

"ಸಾರ್, ನಾನ್ ಬಸ್ ಹತ್ತಿದ್ ತಕ್ಸಣ ಹಿಂದ್ಗಡೆ ಸೀಟ್ನಾಗೆ ಯಾವನೋ ಒಬ್ಬ ಬೀಗದ ಕೈ ಗೊಂಚ್ಲು ತಗ್ದು ಮೂರ್ ಸಲ ಅಲ್ಲಾಡಿಸ್ತಾನೆ. ಐವತ್ತು ಜನ ನಗ್ತಾರೆ. ಕನಕಪುರದಿಂದ ಬಿಡದಿಗಂಟ. ದಿನಾ ಎರ್ಡ್ ಸಲ. ನೀವ್ ಬರ್ದು ಹೆಸ್ರು ಬಚ್ಚಿಟ್ಕಂಡ್ರಿ. ಬಸ್ನಾಗ್ ಕೂರೋನು ನಾನು."

ಆಗಸ್ಟ್ 26

ಏನೂ ಬರೆಯಲಾರೆ.

ಸೆಪ್ಟೆಂಬರ್ 2, ಬುಧವಾರ

ಸಾವನದುರ್ಗದ ಬಗ್ಗೆ ಪ್ರವಾಸಿ ಪುಟಕ್ಕೆ ಬರೆದುಕೊಟ್ಟೆ. ಎರಡು ಗಂಟೆಯಲ್ಲಿ ಮುಗಿಯಿತು. ಕೆಳಗೆ ಅನಂತರಾಜು ಎಂದು ರುಜು ಹಾಕಿದೆ. ಬೆಟ್ಟಕ್ಕೆ ಮಗನಿಲ್ಲ, ಬೆಟ್ಟ ಕಂಪನಿ ಬಸ್ಸು ಹತ್ತುವುದಿಲ್ಲ.

ಮಮತಾಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಕ್ಷಮಾಪಣೆ ಹಾಕೋಣವೇ ಎಂದರು. ಹಾಕಿದರೆ ಅದರ ಜೆರಾಕ್ಸೂ ಓಡಾಡುತ್ತದೆ. ಬೇಡ ಎಂದೆ.

ಸೆಪ್ಟೆಂಬರ್ 8, ಮಂಗಳವಾರ

ರಂಜಾನ್ ತಿಂಗಳು. ಪಾಷಾ ಉಪವಾಸ ಬಿಡುವ ಹೊತ್ತಿಗೆ ಹೋಗಬೇಕೆಂದು ಹೊರಟೆ, ಹೈವೇ ಅಗಲ ಮಾಡುವ ಕೆಲಸದಿಂದ ತಡವಾಯಿತು. ಬಸ್ ಸ್ಟ್ಯಾಂಡಿಗೆ ಹೋಗಿ ನಡೆದು ಬರಲು ಹೊತ್ತಿರಲಿಲ್ಲ. ಗಾಡಿಯನ್ನು ಅವನ ಬೀದಿಯ ಮೂಲೆಯಲ್ಲೇ ನಿಲ್ಲಿಸಿದೆ.

ಖರ್ಜೂರ ತಿಂದು ನೀರು ಕುಡಿದ ಮೇಲೆ ಕೇಳಿದೆ. "ಪಾಷಾ, ಮುನೇಶನಿಗೆ ನಮ್ಮ ವಿಷಯ ಹೇಳಬೇಕು ಅಂತಿದ್ದೀನಿ. ನಿನ್ನ ಹೆಸರು ಹೇಳಬಹುದಾ? ಕೇಳದೆ ಇನ್ನೊಬ್ಬರದು ಹೇಳಿ ಒಂದು ಸಲ ಕೆಟ್ಟಿದ್ದೀನಿ."

ಅವನು ನನ್ನನ್ನೇ ನೋಡಿದ. "ಹದ್ನಾರು ವರ್ಷಕ್ಕೆ ಮೊದಲ್ನೇ ಸಲ ನಮ್ಮ ವಿಷಯ ಅಂದೆ."

"ಬೀದಿಯವರಿಗೆ ಗೊತ್ತಾದರೆ?"

"ಅರೆ, ಬೀದಿಗೆಲ್ಲ ಗೊತ್ತು ಅನಂತು! ನೀನು ಬಾಗ್ಲಲ್ಲಿ ನಿಂತು 'ಪಾಷಾ, ನಾನು' ಅಂತ ಪಿಸುಗುಟ್ತೀಯಲ್ಲ, ಅದು ಬಸ್ ಸ್ಟ್ಯಾಂಡಿಗೆ ಕೇಳ್ತದೆ. ಎದುರ್ಮನೆ ಖಾಲಾ ನಿನ್ ಪಿಸುಮಾತು ಕೇಳಿಯೇ ಚಾಗೆ ಒಂದ್ ಲೋಟ ನೀರು ಜಾಸ್ತಿ ಇಡ್ತಾಳೆ. ನೀನ್ ಕುಡಿಯೋ ಚಾ ಯಾರ್ದು ಅಂದ್ಕೊಂಡಿದ್ದೀಯ?"

ಪಿಸುಮಾತಾದರೂ ಕೊನೆಯ ಚಾಪೆಗೆ ಮುಟ್ಟಬೇಕು ಎಂದು ಅಪ್ಪ ಕಲಿಸಿದ್ದರು. ಅಷ್ಟು ಚೆನ್ನಾಗಿ ಕಲಿತಿದ್ದೇನೆಂದು ಗೊತ್ತಿರಲಿಲ್ಲ.

"ಮತ್ತೆ ಇಷ್ಟು ವರ್ಷ ಗಾಡೀನ ಅಷ್ಟು ದೂರ ಬಿಟ್ಟು..."

"ನಡೆದ್ರೆ ಆರೋಗ್ಯಕ್ಕೆ ಒಳ್ಳೇದಲ್ವಾ?" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: "ಹೇಳು. ಆದ್ರೆ ಬರೀಬೇಡ. ಹೇಳೋದ್ ಬೇರೆ, ಬರೆಯೋದ್ ಬೇರೆ."

ಸೆಪ್ಟೆಂಬರ್ 14, ಸೋಮವಾರ

ಬಿಡದಿ. ಮೊದಲ ಶಿಫ್ಟು ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕಾದೆ. ನೀಲಿ ಸಮವಸ್ತ್ರದ ನೂರಾರು ಜನ ಹೊರಬಂದರು. ಮುನೇಶ್ ನನ್ನನ್ನು ನೋಡಿಯೂ ನೋಡದಂತೆ ಹೋಗುತ್ತಿದ್ದ. ಕರೆದೆ.

"ಏನ್ ಸಾರ್, ಇನ್ನೂ ಏನಾರ ಬರ್ಕಳಾದ್ ಉಳ್ಕಂಡೈತಾ?"

"ಬರೆಯೋಕೆ ಬಂದಿಲ್ಲ. ಹೇಳೋಕೆ ಬಂದೆ."

ಹೇಳಿದೆ. ಚನ್ನಪಟ್ಟಣದಲ್ಲಿ ತಾಜ್ ಪಾಷಾ ಎಂಬುವವರಿದ್ದಾರೆ. ಹದಿನಾರು ವರ್ಷವಾಯಿತು. ಅವರನ್ನು ನಾನು ಜನರ ಮುಂದೆ ಗೆಳೆಯ ಎನ್ನುತ್ತೇನೆ. ಗೆಳೆಯ ಹೌದು. ಅಷ್ಟೇ ಅಲ್ಲ.

ಇಷ್ಟು ಹೇಳಲು ಬಹಳ ಹೊತ್ತು ಬೇಕಾಯಿತು. ಪಕ್ಕದ ಬೆಂಚಿನವರಿಗೂ ಕೇಳಿಸಲಿಲ್ಲ ಅನಿಸುತ್ತದೆ.

ಮುನೇಶ್ ಟೀ ಲೋಟವನ್ನು ತಿರುಗಿಸುತ್ತಾ ಕೂತಿದ್ದ. "ಇದನ್ನ ಯಾಕ್ ನನ್ಗೇಳ್ತಿದ್ದೀರಾ?"

"ನಿಮ್ಮ ಮನೆಯದನ್ನ ನಾನು ಊರಿಗೆಲ್ಲ ಕೊಟ್ಟೆ. ನನ್ನದು ನಿಮ್ಮ ಹತ್ತಿರ ಇರಲಿ. ಬೇಕಿದ್ದರೆ ಬಸ್ಸಿನಲ್ಲಿ ಹೇಳಿ."

"ನಾನ್ ಯಾಕ್ ಏಳ್ಲಿ? ನನ್ದೇನ್ ಪೇಪರ್ ಐತಾ?" ಎಂದ. ಲೋಟ ಕೆಳಗಿಟ್ಟು ಅವನಾಗಿಯೇ ಮಾತು ತೆಗೆದ. "ಚಿಕ್ಕೋನಿದ್ದಾಗ ಬಣ್ಣದ ಮನೇಲಿ ನನ್ನ ನಂಜುಂಡಯ್ಯನ ಸೀರೆ ಗಂಟಿನ್ ಮ್ಯಾಲೆ ಮಲಗ್ಸೋರು. ಪೌಡರ್ ವಾಸ್ನೆ ಈಗ್ಲೂ ಮೂಗ್ನಾಗೈತೆ. ನಮ್ಮವ್ವ ಸತ್ತಾಗ ಮೂರ್ ದಿನ ನನ್ಗೆ ಮುದ್ದೆ ಮುರ್ದು ತಿನ್ಸಿದ್ದು ಅವ್ರೇ. ನನ್ಗೆ ಗೊತ್ತಿರ್ಲಿಲ್ಲ ಅಂದ್ಕಂಡ್ರಾ ಸಾರ್? ಮನೇಲಿದ್ದಾಗ ಅದು ಏನೂ ಆಗಿರ್ಲಿಲ್ಲ. ಪೇಪರ್ನಾಗ್ ಬಂದ್ಮೇಲೆ ಏನೋ ಆಗೋಯ್ತು."

ಬಸ್ಸು ಹಾರನ್ ಹೊಡೆಯಿತು. ಅವನು ಹತ್ತಿದ. ಒಳಗಿನಿಂದ ಬೀಗದ ಸದ್ದು, ಮೂರು ಸಲ. ನಗು. ಕಿಟಕಿಯಲ್ಲಿ ಮುನೇಶ್ ನನ್ನನ್ನೇ ನೋಡುತ್ತಿದ್ದ. ನಾನು ಅಲ್ಲಿಂದ ಕದಲಲಿಲ್ಲ. ಬಸ್ಸು ತಿರುವು ದಾಟುವವರೆಗೂ ನಿಂತಿದ್ದೆ.

ಅಕ್ಟೋಬರ್ 5, ಸೋಮವಾರ

ಕೆಂಚಮ್ಮನ ಫೋನು. ನಿನ್ನೆ ಮುನೇಶ್ ಬಂದು ಬಾಗಿಲಲ್ಲಿ ನಿಂತನಂತೆ. "ಮೇಷ್ಟ್ರೇ, ಮೂರನೇ ಸೀನಿನ ಪದ್ಯ ಬತ್ತಾ ಇಲ್ಲ" ಎಂದನಂತೆ. ನಂಜುಂಡಯ್ಯನವರು ಏನೂ ಆಗದವರಂತೆ, "ಎಲ್ ಬತ್ತದೆ, ಉಸ್ರು ತಪ್ಪಾದ ಜಾಗ್ದಲ್ ತಗತೀಯ" ಎಂದು ಪಾಠ ಶುರು ಮಾಡಿದರಂತೆ.

"ಅಂಕಯ್ಯನೋರು?" ಎಂದೆ.

"ಅದೊಂದ್ ಇನ್ನೂ ಇಲ್ಲ. ಇವ್ನು ದಿನಾ ಸಂಜೆ ಎರ್ಡ್ ಎಲೆಗೆ ಸುಣ್ಣ ಹಚ್ತಾನೆ. ಒಂದ್ ಹಾಕ್ಕತಾನೆ. ಇನ್ನೊಂದ್ನ ಬೆಳಿಗ್ಗೆ ನಾನ್ ಎಸೀತೀನಿ."

ನವೆಂಬರ್ 1, ಭಾನುವಾರ

ಬಿಡದಿಯ ಕಲ್ಯಾಣ ಮಂಟಪ. ಬೆಳಿಗ್ಗೆ ಹತ್ತಕ್ಕೆ ನಾಡಗೀತೆ, ಹತ್ತೂವರೆಗೆ ನಾಟಕ. ಸಭಾಂಗಣದ ತುಂಬ ನೀಲಿ ಸಮವಸ್ತ್ರ, ಹೆಂಡತಿ ಮಕ್ಕಳು. ಮುಂದಿನ ಸಾಲುಗಳಲ್ಲಿ ಹಳ್ಳಿಗಳಿಂದ ಬಂದ ಹಿರಿಯರು. ಅಂಕಯ್ಯನವರು ರಾಜನ ಪಾತ್ರಧಾರಿಯ ತಂದೆಯಾಗಿ ಮೊದಲ ಸಾಲಿನಲ್ಲಿ, ಹೊಸ ಟವಲು ಹೊದ್ದು. ನಂಜುಂಡಯ್ಯನವರು ಬಣ್ಣದ ಮನೆಯಲ್ಲಿ. ನಾನೂ ಕೆಂಚಮ್ಮನೂ ಎರಡನೇ ಸಾಲಿನಲ್ಲಿ.

ಮೊದಲ ಸೀನಿನಲ್ಲಿ ಮುನೇಶ್ ರಾಜನಾಗಿ ಬಂದ. ಹಿಂದಿನಿಂದ ಬೀಗದ ಕೈ ಗೊಂಚಲಿನ ಸದ್ದು, ಮೂರು ಸಲ. ಕಿಸಕ್ಕೆಂದು ನಗು. ಮುನೇಶ್ ಒಂದು ಸಾಲು ಮರೆತ. ಹಾರ್ಮೋನಿಯಂನವರು ಎತ್ತಿಕೊಟ್ಟರು. ಹೇಗೋ ಮುಗಿಸಿ ಒಳಗೆ ಹೋದ. ಕೆಂಚಮ್ಮ ಹಿಂದಕ್ಕೆ ತಿರುಗಿ, "ಯಾವನ್ಲಾ ಅವ್ನು, ಮನೆ ಬೀಗ ಹಾಕಾದ್ ಮರ್ತ್ ಬಂದಿರಾನು!" ಎಂದರು. ಇನ್ನಷ್ಟು ನಗು.

ಮೂರನೇ ಸೀನು. ರಾಣಿಯ ಪ್ರವೇಶ. ರಂಗ ಖಾಲಿ. ಸಂಗೀತ ನಿಂತಿತು.

ವಿಂಗಿನ ಅಂಚಿನಿಂದ ಒಂದು ಕಾಲು ಹೊರಬಂತು. ಮಂಡ್ಯದ ಕಲಾವಿದೆಯದಲ್ಲ. ಒಡೆದ ಹಿಮ್ಮಡಿ, ಉಬ್ಬಿದ ನರ, ಮುದುಕರ ಕಾಲು. ಅದಕ್ಕೆ ಗೆಜ್ಜೆ.

ಝಲ್.

ನಾನು ಮುಂದಿನ ಸಾಲು ನೋಡಿದೆ. ಅಂಕಯ್ಯನವರ ಕುರ್ಚಿಯ ಮೇಲೆ ಟವಲು ಮಾತ್ರ ಇತ್ತು.

ಝಲ್.

"ಎರ್ಡು" ಎಂದರು ಕೆಂಚಮ್ಮ, ಗಟ್ಟಿಯಾಗಿ. ಮುಂದಿನ ಸಾಲುಗಳಲ್ಲಿ ಬೊಚ್ಚು ಬಾಯಿಗಳು ಒಂದೊಂದಾಗಿ ತೆರೆದವು. ಎಷ್ಟು ವರ್ಷದಿಂದ ಕಾದಿದ್ದರೋ.

ಝಲ್.

"ಮೂರು!"

ನಾನೂ ಕೂಗಿದೆನೋ ಇಲ್ಲವೋ ನೆನಪಿಲ್ಲ. ಹೆಂಗಸರು ಕೂಗಿದರು, ಮಕ್ಕಳು ಕೂಗಿದರು, ಯಾಕೆಂದು ಗೊತ್ತಿಲ್ಲದ ನೀಲಿ ಅಂಗಿಯವರೂ ಕೂಗಿದರು. ಬೀಗದ ಸದ್ದು ಇದ್ದರೂ ಯಾರಿಗೂ ಕೇಳುತ್ತಿರಲಿಲ್ಲ. ಕಾಲು ಒಳಗೆ ಸರಿಯಿತು. ಕಲಾವಿದೆ ಬಂದರು. ಅವರ ಹಿಂದೆ ರಾಜ.

ಅವನು ಆಚೆ ಬದಿಯ ವಿಂಗಿನಲ್ಲಿ ನಿಂತು ಎಲ್ಲ ನೋಡಿರಬೇಕು. ಬಂದು ನಿಂತ, ಎದೆ ಮುಂದೆ ಮಾಡಿ. ಬಸ್ಸಿಗೆ ಕಾಯುವವನ ಹಾಗೆ ಅಲ್ಲ.

ನವೆಂಬರ್ 4, ಬುಧವಾರ

ನಾಟಕದ ಬಗ್ಗೆ ಬರೆದುದನ್ನು ಮಮತಾಗೆ ಕಳಿಸಿದೆ. ಕಳಿಸುವ ಮೊದಲು ದೊಡ್ಡಆಲಹಳ್ಳಿಗೆ ಹೋಗಿ ಮೂವರಿಗೂ ಓದಿ ಹೇಳಿದೆ. ಮುನೇಶ್ ಒಂದು ಸಾಲು ತೆಗೆಸಿದ, ತೆಗೆದೆ. ನಂಜುಂಡಯ್ಯನವರು ಹೂಂ ಎಂದರು. ಅಂಕಯ್ಯನವರದು ಒಂದೇ ಮಾತು: "ಅಂಕಯ್ಯ ಅಂತ್ಲೇ ಇರ್ಲಿ. ಆ ರಾಮಲಿಂಗಯ್ಯನ್ನ ಮನೆಗ್ ಕಳ್ಸು." ಬಲಗಡೆಗೆ ಕೈ ಚಾಚಿ ಎಲೆ ಕೊಟ್ಟರು.

ಮಮತಾ ಕೇಳಿದರು, "ಹೆಸರು ದೂರವಾಸಿ ಅಂತಲೇ ತಾನೇ?" "ಅನಂತರಾಜು ಅಂತ ಹಾಕಿ, ಅವರು ಊರು ಬಿಟ್ಟರು" ಎಂದೆ. ಪಾಷಾನ ವಿಷಯ ಲೇಖನದಲ್ಲಿ ಇಲ್ಲ. ಹೇಳುವುದು ಬೇರೆ, ಬರೆಯುವುದು ಬೇರೆ.

ಇವತ್ತು ಮಾಗಡಿಗೆ ಹೋಗಬೇಕು, ಕೋಟೆಯ ಬಗ್ಗೆ ಒಂದು ಲೇಖನ ಬಾಕಿ ಇದೆ. ಬೆಳಿಗ್ಗೆ ಪಾಷಾನ ಮನೆಯಿಂದ ಹೊರಟಾಗ ಸ್ಕೂಟರಿನ ಸೀಟಿನ ಮೇಲೆಲ್ಲ ಹಾಲೆಮರದ ಹೊಟ್ಟು, ನಡುವೆ ಒಂದೆರಡು ಕೆಂಪು ಅರಗಿನ ಚೂರು. ಎದುರುಮನೆಯ ಖಾಲಾ ನೋಡಿ ನಕ್ಕರು. ಪಾಷಾ ಕಿಟಕಿಯಿಂದ ಒಂದು ಬಟ್ಟೆ ಎಸೆದ. ಒರೆಸಿದೆ. ಸಂಜೆಗೆ ಮತ್ತೆ ಬೀಳುತ್ತದೆ, ಬೀಳಲಿ.